ಸಂತೆಗೂ ಸನ್ನದು

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಸಂತೆಪೇಟೆಗಳಲ್ಲಿ ಯಾರು ಬೇಕಾದರೂ ಸಂತೆ ಶುರುಮಾಡಬಹುದಿತ್ತೇ? ಕಾರವಾರದಲ್ಲಿದ್ದಂತೆ ಅಲ್ಲೂ ಭಾನುವಾರದ ಸಂತೆ ಇತ್ತೇ?
– ಓದುಗರೊಬ್ಬರು, ಕಾರವಾರ

ಉತ್ತರ: ಹೊಸ ಸಂತೆಗೆ ಅರಸನ ಸನ್ನದು ಬೇಕಿತ್ತು. ಸನ್ನದು ಪಡೆದ ಜಮೀನುದಾರ ವ್ಯಾಪಾರಿಗಳಿಂದ ಸುಂಕ ಎತ್ತುತ್ತಿದ್ದ. ಪಕ್ಕದಲ್ಲೇ ಇನ್ನೊಂದು ಸಂತೆ ಎದ್ದರೆ ಅವನ ಆದಾಯಕ್ಕೇ ಕತ್ತರಿ, ಹಾಗಾಗಿ ವ್ಯಾಜ್ಯಗಳು ಸಾಮಾನ್ಯ. ಅದಕ್ಕೊಂದು ಲೆಕ್ಕವೂ ಇತ್ತು. 13ನೇ ಶತಮಾನದ ನ್ಯಾಯಾಧೀಶ ಬ್ರ್ಯಾಕ್ಟನ್ ಹೆಸರಿನಲ್ಲಿ ಉಳಿದಿರುವ ಲೆಕ್ಕವದು: ದಿನದ ನಡಿಗೆ 20 ಮೈಲಿ. ಅದನ್ನು ಮೂರು ಪಾಲು ಮಾಡಿ – ಹೋಗಲು ಒಂದು, ವ್ಯಾಪಾರಕ್ಕೆ ಒಂದು, ಕತ್ತಲೆಗೆ ಮುಂಚೆ ಮನೆ ಸೇರಲು ಒಂದು. ಅಂದರೆ ಎರಡು ಸಂತೆಗಳ ನಡುವೆ ಆರೂ ಮುಕ್ಕಾಲು ಮೈಲಿಗೆ ತುಸು ಕಡಿಮೆ, ಸುಮಾರು 10.7 ಕಿ.ಮೀ. ಅಂತರ ಬೇಕು. ಈ ಲೆಕ್ಕ ಹಿಡಿದರೆ ಕಾಳಿ ಸೇತುವೆಯಾಚೆಯ ಸದಾಶಿವಗಡಕ್ಕೆ ಬೇರೆ ಸಂತೆ ಸಿಗುತ್ತಿರಲಿಲ್ಲ!

ಭಾನುವಾರದ ಸಂತೆ ಅಲ್ಲೂ ಇತ್ತು, ಅದೂ ಚರ್ಚಿನ ಅಂಗಳದಲ್ಲೇ. ಪೂಜೆಗೆ ಬಂದವರೇ ಗಿರಾಕಿಗಳು. 1285ರ ಕಾನೂನು ಅಂಗಳದಿಂದ ಸಂತೆಯನ್ನು ಹೊರಹಾಕಿತು. 1448ರ ಕಾನೂನು ಸುಗ್ಗಿಯ ನಾಲ್ಕು ಭಾನುವಾರ ಬಿಟ್ಟು ಉಳಿದ ಭಾನುವಾರಗಳ ಸಂತೆಯನ್ನೇ ನಿಷೇಧಿಸಿತು. ನಿತ್ಯದ ಆಹಾರಕ್ಕೆ ಮಾತ್ರ ವಿನಾಯಿತಿ.

ಊರಿನ ಹೆಸರಲ್ಲಿ ‘ಚಿಪ್ಪಿಂಗ್’ ಕಂಡರೆ ಅದು ಸಂತೆಯ ಹಳೆಯ ಪದ. ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ 1627ರಲ್ಲಿ ಕಟ್ಟಿದ ಸಂತೆಕಟ್ಟೆ, ಕಲ್ಲಿನ ಕಮಾನುಗಳ ಸಮೇತ, ಇಂದಿಗೂ ನಿಂತಿದೆ.