ಮನೆಯಲ್ಲೂ ಸಂಶೋಧಕಿಯಾಗಿ ಉಳಿದ ಮಗಳು

ಕಲಬುರಗಿಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವ ನರ್ಸ್‌ಗಳು, ಲ್ಯಾಬ್ ಟೆಕ್ನೀಷಿಯನ್ನರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಒಂದೇ ಬಗೆಯ ಸಂಕಟವನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಕಾಯಿಲೆ ಬಂದರೆ, ಆ ವಿಷಯ ಓದಿಕೊಂಡವರ ಮೇಲೆಯೇ ಪೂರ್ತಿ ಹೊಣೆ ಬೀಳುತ್ತದೆ. ಅವರೂ ಮರುಮಾತಿಲ್ಲದೆ ಅದನ್ನು ಹೊರುತ್ತಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿರುವುದು ಅಂಥವರಿಗಾಗಿ.

ಆಕೆ ಪಿಎಚ್‌ಡಿ ಮುಗಿಸಿ ಹೈದರಾಬಾದಿನಲ್ಲಿ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಮಾಡುತ್ತಿದ್ದರು. ಸಂಧಿವಾತ ತಜ್ಞರು ನೋಡುವ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮದಂಥ ಕಾಯಿಲೆಗಳಲ್ಲಿ ಶ್ವಾಸಕೋಶ ಗಡುಸಾಗುವುದೇಕೆ ಎಂಬುದು ಅವರ ವಿಷಯ. ತಾಯಿಗೂ ಅದೇ ಕಾಯಿಲೆ ಇದ್ದದ್ದರಿಂದಲೇ ಆ ವಿಷಯವನ್ನು ಆರಿಸಿಕೊಂಡಿದ್ದರು. ಈಗ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಮರಳಬೇಕೆಂದು ನಿಶ್ಚಯಿಸಿ, ಅದಕ್ಕೆ ನನ್ನ ಒಪ್ಪಿಗೆಯನ್ನಷ್ಟೇ ಕೇಳಲು ಬಂದಂತಿತ್ತು.

ಮುಂದಿನ ಭೇಟಿಗೆ ತಾಯಿಯನ್ನೂ ಕರೆತರಲು ಹೇಳಿದೆ. ಅಂದು ಮಗಳು 2019ರಲ್ಲಿ ಪ್ರಕಟವಾದ, 576 ರೋಗಿಗಳು ಪಾಲ್ಗೊಂಡ ಪ್ರಯೋಗವೊಂದನ್ನು ವಿವರಿಸಿದರು. ನಿಂಟೆಡನಿಬ್ ಎಂಬ ಔಷಧಿ ಪಡೆದವರಲ್ಲಿ ಶ್ವಾಸಕೋಶದ ಸಾಮರ್ಥ್ಯ ವರ್ಷಕ್ಕೆ ಸರಾಸರಿ 52.4 ಮಿಲಿಲೀಟರ್ ಕುಗ್ಗಿದರೆ, ಪಡೆಯದವರಲ್ಲಿ 93.3 ಮಿಲಿಲೀಟರ್ ಕುಗ್ಗಿತ್ತು. ಇಳಿತ ನಿಧಾನವಾಗುತ್ತದೆ, ಹೋದ ಶಕ್ತಿ ಮರಳುವುದಿಲ್ಲ ಎಂದರು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ತಾಯಿ ನನ್ನ ಕಡೆ ತಿರುಗಿ, "ಇಕಿ ಮನಿಗಿ ಬಂದ್ರ ನನ್ನ ಮಾರಿ ನೋಡಂಗಿಲ್ರೀ ಮೇಡಂ, ಬೆರಳಿಗಿ ಹಾಕಿದ ಮಷಿನ್ ನೋಡ್ತಾಳ. ಉಂಡೇನವ್ವಾ ಅಂತ ಕೇಳೂದೂ ಬಿಟ್ಟಾಳ" ಎಂದರು. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಬೆರಳುಗಳಿಗೆ ರಕ್ತಸಂಚಾರ ಕುಗ್ಗುವ ಈ ಕಾಯಿಲೆಯಲ್ಲಿ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸಬಹುದು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಹಗಲಿರುಳು ಆ ಅಂಕಿಯನ್ನೇ ನೋಡುತ್ತಿದ್ದರು. ಭಯದ ಮುಂದೆ ತಿಳಿವಳಿಕೆ ಕೆಲಸ ಮಾಡಿರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಆಕ್ಸಿಮೀಟರನ್ನು ಯಾವಾಗ, ಹೇಗೆ ಬಳಸಬೇಕೆಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ಹೇಳಲಿ. ಉಸಿರುಗಟ್ಟುವುದು ಹೆಚ್ಚಾದರೆ, ಜ್ವರ ಅಥವಾ ಹೊಸ ಕೆಮ್ಮು ಬಂದರೆ ತಡಮಾಡದೆ ಅವರನ್ನು ಕಾಣಬೇಕು. ಉಳಿದ ಹೊತ್ತಿನಲ್ಲಿ ತಾಯಿಯ ಜೊತೆ ಮಗಳಾಗಿ ಕೂತುಕೊಳ್ಳಬೇಕು. ಗುಂಪಿನ ಸರಾಸರಿಯಿಂದ ಒಬ್ಬ ತಾಯಿಯ ಆಯಸ್ಸನ್ನು ಲೆಕ್ಕ ಹಾಕಬಾರದು. ರಾಜೀನಾಮೆಯ ಮಾತನ್ನು ಈ ಕಳವಳ ತಿಳಿಯಾಗುವವರೆಗೆ ಮುಂದೂಡಬೇಕು.

ಈ ಕೊನೆಯ ಮಾತಿಗೆ ಅವರ ಅಣ್ಣ ಸಿಟ್ಟಾದರು. ತಾಯಿಯ ಸೇವೆಗಿಂತ ನೌಕರಿ ದೊಡ್ಡದೆಂದು ನಾನು ಕಲಿಸಿದೆನಂತೆ. ನನ್ನ ಸಲಹೆಯನ್ನು ಇಂದಿಗೂ ಸಮರ್ಥಿಸುತ್ತೇನೆ. ಮನೆಯಲ್ಲಿ ಕಾಯಿಲೆ ಬಂದಾಗ ಕೆಲಸ ಬಿಡುವ ಪ್ರಶ್ನೆ ಮಗಳಿಗೇ ಮೊದಲು ಎದುರಾಗುವುದನ್ನು ನಮ್ಮ ಭಾಗದಲ್ಲಿ ಸಾಕಷ್ಟು ನೋಡಿದ್ದೇನೆ. ಊರಲ್ಲೇ ಇರುವ ಮಗನನ್ನು ಯಾರೂ ಏನೂ ಕೇಳುವುದಿಲ್ಲ. ಆಕೆಯ ಸಂಬಳದಿಂದಲೇ ಔಷಧಿ ಬರುತ್ತಿತ್ತು. ಮಗಳು ಓದಿದ್ದನ್ನು ಬಿಟ್ಟು ಬರುವುದು ತಾಯಿಗೂ ಬೇಕಿರಲಿಲ್ಲ. ಹಾಗಾಗಿ ಪರೀಕ್ಷೆಗಳಿಗೆ ತಾಯಿಯನ್ನು ಕರೆದೊಯ್ಯುವ ಕೆಲಸವನ್ನು ಅಣ್ಣನೇ ವಹಿಸಿಕೊಳ್ಳಬೇಕೆಂದು ಅವರಿಗೆ ನೇರವಾಗಿ ಹೇಳಿದೆ. ಮನಸ್ಸಿಲ್ಲದೆ ಒಪ್ಪಿಕೊಂಡ ಅವರು ಈಗ ಅದನ್ನು ತಪ್ಪದೆ ಮಾಡುತ್ತಿದ್ದಾರೆ.