ಓದುಗರ ಪ್ರಶ್ನೆ: ತುತ್ತ-ಸುಣ್ಣದ ಲೆಕ್ಕದಲ್ಲಿ ಕೂಲಿಯವರು ಎಲ್ಲಿ?

ಪ್ರಶ್ನೆ: ಕೆಮಿಕಲ್ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಮಾಸ್ ಬ್ಯಾಲೆನ್ಸ್ (ಒಳಗೆ ಹೋದ ವಸ್ತು ಎಲ್ಲೆಲ್ಲಿ ಎಷ್ಟೆಷ್ಟು ಸೇರಿತೆಂಬ ಲೆಕ್ಕ) ಪಾಠ ಮಾಡುತ್ತೇನೆ. ಸಾಮಾಜಿಕ ನ್ಯಾಯದ ಬಗ್ಗೆ ವರ್ಷಕ್ಕೊಂದು ಭಾಷಣ ಇಡಿಸಿದ್ದಾಯಿತು, ಯಾರ ತಲೆಗೂ ಹೋಗಲಿಲ್ಲ. ಲೆಕ್ಕದ ಪಾಠದಲ್ಲಿ ಇದನ್ನು ತರುವುದು ಹೇಗೆ?
– ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಭಾಷಣಕ್ಕೆ ಅಂಕವಿಲ್ಲ. ಅಂಕವಿಲ್ಲದ್ದನ್ನು ಮಕ್ಕಳು ಪಾಠವೆಂದು ಎಣಿಸುವುದಿಲ್ಲ. ಹಾಗಾಗಿ ಲೆಕ್ಕದೊಳಗೇ ಮನುಷ್ಯರನ್ನು ತನ್ನಿ. ಅದಕ್ಕೆ ಅಡಿಕೆ ತೋಟ ಸಾಕು.

ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ತೆಗೆದುಕೊಳ್ಳಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತದ ತೂಕದಲ್ಲಿ ತಾಮ್ರ ಶೇ. 25.4, ಅಂದರೆ 100 ಲೀಟರಿಗೆ 254 ಗ್ರಾಂ. ಒಂದು ತೋಟಕ್ಕೆ ಸಲಕ್ಕೆ 400 ಲೀಟರಿನಂತೆ ಮಳೆಗಾಲದಲ್ಲಿ ಎರಡು ಸಲ ಎಂದಿಟ್ಟುಕೊಂಡರೆ ವರ್ಷಕ್ಕೆ 2 ಕಿಲೋ ತಾಮ್ರ, 30 ವರ್ಷಕ್ಕೆ 60 ಕಿಲೋ. ತಾಮ್ರ ಕೊಳೆತು ಇಲ್ಲವಾಗುವ ವಸ್ತುವಲ್ಲ. ಹಾಗಾದರೆ ಎಲ್ಲಿದೆ? ತೋಟದ ಮೇಲ್ಮಣ್ಣಿನಲ್ಲೆಷ್ಟು, ಹಳ್ಳದ ಹೂಳಿನಲ್ಲೆಷ್ಟು, ಆ ಹಳ್ಳದ ನೀರು ಯಾರ ಮನೆಗೆ? ಲೆಕ್ಕದ ಗಡಿಯನ್ನು ತೋಟದ ಬೇಲಿಗೆ ಹಾಕಿದರೆ ಒಂದು ಉತ್ತರ, ಹಳ್ಳದ ಕೆಳಗಿನ ಕೇರಿಯವರೆಗೆ ಎಳೆದರೆ ಇನ್ನೊಂದು. ಎರಡನ್ನೂ ಬಿಡಿಸಲು ಹೇಳಿ.

ಶಾಖದ ಪಾಠಕ್ಕೂ ಈ ದ್ರಾವಣಕ್ಕೆ ಸುಣ್ಣ ಕಲಸುವ ಡ್ರಮ್ಮೇ ಒದಗುತ್ತದೆ. 1 ಕಿಲೋ ಸುಟ್ಟ ಸುಣ್ಣ ನೀರು ಕುಡಿದು ಅರಳುವಾಗ ಸುಮಾರು 1,150 ಕಿಲೋಜೌಲ್ ಶಾಖ ಬಿಡುತ್ತದೆ. ಹತ್ತು ಲೀಟರ್ ನೀರಾದರೆ ಸುಮಾರು 27 ಡಿಗ್ರಿ ಏರಿ ನಿಲ್ಲುತ್ತದೆ. ಎರಡೇ ಲೀಟರಾದರೆ ಕುದಿದು ಸಿಡಿಯುತ್ತದೆ, ಬಗ್ಗಿ ಕೋಲಾಡಿಸುವವರ ಕಣ್ಣಿಗೇ ಸಿಡಿಯುತ್ತದೆ. 'ರಕ್ಷಣಾ ಕನ್ನಡಕ ಕೊಡಬೇಕು' ಎಂದಷ್ಟೇ ಬರೆದವರಿಗೆ ಪೂರ್ಣ ಅಂಕ ಬೇಡ. ಮಳೆಯಲ್ಲಿ ಅದು ಮಬ್ಬಾಗುತ್ತದೆ, ಕೆಲಸದವರು ತೆಗೆದಿಡುತ್ತಾರೆ. 1 ಕಿಲೋ ಸುಟ್ಟ ಸುಣ್ಣದ ಬದಲು 1.32 ಕಿಲೋ ಅರಳಿದ ಸುಣ್ಣದ ಪುಡಿ ಬಳಸಿದರೆ ಆ ಶಾಖವೇ ಇಲ್ಲ. ಧೂಳಿಗೆ ಮೂಗು-ಕಣ್ಣು ಮುಚ್ಚಿಕೊಳ್ಳಬೇಕು, ಅದು ಬೇರೆ. ಖರ್ಚಿನ ವ್ಯತ್ಯಾಸವೆಷ್ಟು, ಅದನ್ನು ಮಾಲೀಕ ಹೊರಬೇಕೋ ಕೂಲಿಯವರ ಕಣ್ಣು ಹೊರಬೇಕೋ ಎಂದು ಬರೆಸಿ. ಹತ್ತು ಅಂಕದಲ್ಲಿ ಆರು ಲೆಕ್ಕಕ್ಕೆ, ನಾಲ್ಕು ಇದಕ್ಕೆ.

ತೋಟಕ್ಕೆ ಕರೆದೊಯ್ದಾಗ ವಿದ್ಯಾರ್ಥಿಗಳು ಉಪದೇಶಕ್ಕೆ ನಿಲ್ಲದಂತೆ ನೋಡಿಕೊಳ್ಳಿ. ದೋಟಿ ಹಿಡಿದು ಹೊಡೆಯುವವರ ಮುಖ ಸದಾ ಮೇಲೆತ್ತಿರುತ್ತದೆ, ಹನಿ ಅಲ್ಲಿಗೇ ಬೀಳುತ್ತದೆ; ಇದು ಪುಸ್ತಕದಲ್ಲಿಲ್ಲ, ಅವರಿಂದ ಕೇಳಿ ತಿಳಿಯಬೇಕು. ದ್ರಾವಣ ಸರಿಯಿದೆಯೇ ಎಂದು ಅವರು ಉಜ್ಜಿದ ಕತ್ತಿ ಅದ್ದಿ ನೋಡುವುದೂ ರಸಾಯನಶಾಸ್ತ್ರವೇ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಿದೆ, ಇನ್ನಷ್ಟು ಸುಣ್ಣ ಬೇಕು.

ಪ್ರಶ್ನೆ: ಪ್ರಯೋಗಾಲಯದಲ್ಲಿ ಹುಡುಗರು ವಾಲ್ವ್ ತಿರುಗಿಸುತ್ತಾರೆ, ಹುಡುಗಿಯರು ರೆಕಾರ್ಡ್ ಬರೆಯುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು ಹಿಂದೆ ನಿಂತುಬಿಡುತ್ತಾರೆ. ಏನು ಮಾಡಲಿ?
– ಲ್ಯಾಬ್ ಬೋಧಕ, ಭದ್ರಾವತಿ

ಉತ್ತರ: ಗುಂಪನ್ನು ಮಕ್ಕಳ ಇಷ್ಟಕ್ಕೆ ಬಿಟ್ಟರೆ ಹೀಗೇ ಆಗುತ್ತದೆ. ನಾಲ್ವರ ಗುಂಪು ಮಾಡಿ. ವಾಲ್ವ್, ಅಳತೆ, ಲೆಕ್ಕ, ಸುರಕ್ಷತೆ ಎಂದು ನಾಲ್ಕು ಚೀಟಿ ಕೊಟ್ಟು ಪ್ರತಿ ಪ್ರಯೋಗಕ್ಕೂ ಬದಲಿಸಿ. ನಾಲ್ಕು ಪ್ರಯೋಗ ಮುಗಿಯುವಷ್ಟರಲ್ಲಿ ಎಲ್ಲರ ಕೈಗೂ ಎಲ್ಲ ಕೆಲಸ ಬಂದಿರುತ್ತದೆ. ಕೈಗವಸು ಸಣ್ಣ ಅಳತೆಯವೂ ಇರಲಿ; ದೊಡ್ಡದು ಹಾಕಿಕೊಂಡರೆ ಬೀಕರ್ ಜಾರುತ್ತದೆ, ಆಮೇಲೆ 'ಹುಡುಗಿಯರ ಕೈ ಬಿಗಿಯಿಲ್ಲ' ಎಂಬ ಮಾತು ಹುಟ್ಟುತ್ತದೆ. ವೈವಾದಲ್ಲಿ ಮೊದಲು ಕನ್ನಡದಲ್ಲಿ ವಿವರಿಸಲು ಬಿಡಿ, ನಂತರ ಇಂಗ್ಲಿಷ್ ಪದಗಳನ್ನು ಕೇಳಿ. ಜಾತಿಯ ವಿಷಯ ಬಂದಾಗ ದಲಿತ ವಿದ್ಯಾರ್ಥಿಯತ್ತ ತಿರುಗಿ 'ನೀನು ಹೇಳು' ಎನ್ನುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಸುರಕ್ಷತೆಯ ಪಾಠದಲ್ಲಿ ಭೋಪಾಲ್ ಅನಿಲ ದುರಂತ ಇದೆಯಲ್ಲ, ಅದು ಸಾಲದೇ?
– ವಿದ್ಯಾರ್ಥಿ, ಸಾಗರ

ಉತ್ತರ: ಟ್ಯಾಂಕಿಗೆ ನೀರು ಹೊಕ್ಕು ಮೀಥೈಲ್ ಐಸೊಸೈನೇಟ್ ಎಂಬ ವಿಷ ರಾಸಾಯನಿಕ ಕುದಿಯಿತು ಎನ್ನುವಲ್ಲಿಗೇ ಪಾಠ ನಿಂತರೆ ಸಾಲದು. 1984ರ ಡಿಸೆಂಬರ್ 2-3ರ ರಾತ್ರಿ ಟ್ಯಾಂಕಿನ ಶೈತ್ಯ ಯಂತ್ರ ನಿಲ್ಲಿಸಲಾಗಿತ್ತು, ಹೊರಬರುವ ಅನಿಲವನ್ನು ಸುಡಬೇಕಾದ ಫ್ಲೇರ್ ಟವರಿನ ಪೈಪು ಕಳಚಿತ್ತು. ಕಾರ್ಖಾನೆಯ ಎದುರಿಗೇ ಜೆ.ಪಿ. ನಗರದ ಬಡವರ ಗುಡಿಸಲುಗಳಿದ್ದವು. ಅನಿಲ ಹರಡುವ ನಕ್ಷೆ ಬರೆಯುವಾಗ ಗಾಳಿಯ ದಿಕ್ಕಿನ ಜೊತೆ ಆ ಮನೆಗಳನ್ನೂ ಗುರುತಿಸಿ.