‘ಹೇಳಲಾಯಿತು’ ಎಂದಿದ್ದೀರಿ, ಹೇಳಿದವರು ಯಾರು?

ಪ್ರಿಯ ಬರಹಗಾರರೇ,

ಕುವೈತನ್ನು ಆಕ್ರಮಿಸಿದ ಇರಾಕಿನ ವಿರುದ್ಧ ನಡೆದ 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕದ ಜನಮನವನ್ನು ಸಜ್ಜುಗೊಳಿಸಿದ ಪ್ರಚಾರವನ್ನು ಕುರಿತ ನಿಮ್ಮ ಲೇಖನ ತಲುಪಿತು. ಓದಿಕೊಂಡು ಬರೆದಿದ್ದೀರಿ, ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಮೂರನೆಯ ಪುಟ ನನ್ನನ್ನು ತಡೆದು ನಿಲ್ಲಿಸಿತು. ಅದೊಂದರಲ್ಲೇ ‘ಲಾಯಿತು’ ಎಂದು ಮುಗಿಯುವ ವಾಕ್ಯಗಳು 11 ಇವೆ.

“ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಶಿಶುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರೆಂದು ಹೇಳಲಾಯಿತು.” ಹೇಳಿದವಳು ನಯೀರಾ ಎಂಬ 15 ವರ್ಷದ ಹುಡುಗಿ, ಹೇಳಿದ್ದು 1990ರ ಅಕ್ಟೋಬರ್ 10ರಂದು, ಅಮೆರಿಕ ಕಾಂಗ್ರೆಸ್ ಸದಸ್ಯರ ಮಾನವ ಹಕ್ಕುಗಳ ಕೂಟದ ಮುಂದೆ. ಅದು ಅಧಿಕೃತ ಸಮಿತಿಯಲ್ಲವಾದ್ದರಿಂದ ಅವಳು ಪ್ರಮಾಣ ಮಾಡಿ ನುಡಿಯಬೇಕಾದ ಕಟ್ಟುಪಾಡೂ ಇರಲಿಲ್ಲ. ಇಷ್ಟೆಲ್ಲವೂ ನಿಮ್ಮ ಒಂದು ಕ್ರಿಯಾಪದದಡಿ ಹೂತುಹೋಗಿದೆ.

“ಈ ಕಥೆಯನ್ನು ಎಲ್ಲೆಡೆ ಹಬ್ಬಿಸಲಾಯಿತು.” ಹಬ್ಬಿಸಿದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆ, ಅದರ ಖರ್ಚನ್ನು ಬಹುಪಾಲು ಹೊತ್ತದ್ದು ಕುವೈತ್ ಸರ್ಕಾರ. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಆಡಿದರು, ಸೆನೆಟರುಗಳು ಚರ್ಚೆಯಲ್ಲಿ ಉದ್ಧರಿಸಿದರು. ಸೆನೆಟ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟದ್ದು 52–47 ಮತಗಳಿಂದ.

“ಕೊನೆಗೆ ಸತ್ಯ ಬಯಲಾಯಿತು.” ಅದು ತಾನಾಗಿ ಬಯಲಾಗಲಿಲ್ಲ. ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದು ಪತ್ರಕರ್ತ ಜಾನ್ ಮ್ಯಾಕ್‌ಆರ್ಥರ್ 1992ರ ಜನವರಿಯಲ್ಲಿ ಬರೆದರು. ಅಷ್ಟರಲ್ಲಿ ಯುದ್ಧ ಮುಗಿದು ಹತ್ತು ತಿಂಗಳಾಗಿತ್ತು.

ಆ ಯುದ್ಧದ ದಿನಗಳಲ್ಲಿ ನಾನು ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಟೆಲಿಪ್ರಿಂಟರ್ ಸುದ್ದಿಗಳನ್ನು ಕನ್ನಡಕ್ಕೆ ತರುತ್ತಿದ್ದ ಹೊಸ ಉಪಸಂಪಾದಕ. ಒಂದು ರಾತ್ರಿ “ಬಾಗ್ದಾದಿನ ಸೇನಾ ನೆಲೆಗಳನ್ನು ನಾಶಪಡಿಸಲಾಗಿದೆ” ಎಂದು ಬರೆದುಕೊಟ್ಟೆ. ಮುಖ್ಯ ಉಪಸಂಪಾದಕರು ‘ಲಾಗಿದೆ’ಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರು ಹೇಳಿದ್ದು?’ ಎಂದು ಬರೆದು ಹಾಳೆಯನ್ನು ಮರಳಿಸಿದರು. ಬುಟ್ಟಿಗೆ ಎಸೆದಿದ್ದ ಮೂಲ ಪ್ರತಿಯನ್ನು ಹೆಕ್ಕಿ ಬಿಡಿಸಿ ನೋಡಿದೆ. ಹಾಗೆಂದವರು ಅಮೆರಿಕ ಸೇನೆಯ ವಕ್ತಾರರು. ನಾಲ್ಕನೆಯ ಪ್ಯಾರಾದಲ್ಲಿದ್ದ ಆ ಮಾತನ್ನು ಕಾಲಮ್ಮಿಗೆ ಹಿಡಿಸಲೆಂದು ನಾನೇ ಹೊಡೆದುಹಾಕಿದ್ದೆ. ಪುಟ ಅಚ್ಚಿಗೆ ಹೋಗಲು ಇಪ್ಪತ್ತು ನಿಮಿಷವಷ್ಟೇ ಉಳಿದಿತ್ತು. ಆ ಅಂಚಿನ ಬರಹ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಿಮ್ಮ ಪುಟದ ಅಂಚಿನಲ್ಲೂ ಅದನ್ನೇ ಬರೆದಿದ್ದೇನೆ.

ಮೂರನೆಯ ಪುಟವನ್ನು ಕರ್ತೃಪದಗಳನ್ನಿಟ್ಟು ಮತ್ತೆ ಬರೆಯಿರಿ. “ಲೋಕವೇ ನಂಬಿತು” ಎಂಬ ಸಾಲನ್ನೂ ಬಿಡಿಸಿ ಬರೆಯಿರಿ: ಶಿಶುಗಳ ಕಥೆಯನ್ನು 1990ರ ಡಿಸೆಂಬರಿನ ತನ್ನ ವರದಿಯಲ್ಲಿ ಒಪ್ಪಿ, 1991ರ ಏಪ್ರಿಲಿನಲ್ಲಿ ಹಿಂತೆಗೆದುಕೊಂಡ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇಂತು,
ಸಂಪಾದಕ